ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್ ಮತ್ತು ಹೊರಗುಳಿದ ತರಬೇತುದಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದವರ ಪಟ್ಟಿ ಪ್ರತಿ ವರ್ಷದ ಆರಂಭದಲ್ಲಿ ಹೊರಬೀಳುತ್ತದೆ. ಪಟ್ಟಿಯಲ್ಲಿ ಇದ್ದವರಿಗಿಂತ ಇಲ್ಲದವರ ಬಗ್ಗೆಯೇ ಹೆಚ್ಚು ಮಾತು ನಡೆಯುತ್ತದೆ. ಆಟಗಾರರ ವಿಷಯದಲ್ಲಿ ಈ ವಾದ ಅಭಿಮಾನದ ಮಟ್ಟದಲ್ಲೇ ನಿಲ್ಲುತ್ತದೆ. ತರಬೇತುದಾರರ ವಿಷಯ ಹಾಗಲ್ಲ, ಏಕೆಂದರೆ ಅಲ್ಲಿ ಒಂದು ಶೇಕಡಾವಾರು ಲೆಕ್ಕ ಬಾಗಿಲಲ್ಲೇ ಕಾವಲು ನಿಂತಿದೆ. ಆ ಲೆಕ್ಕದ ಬಗ್ಗೆ, ಅದರಿಂದ ಹೊರಗುಳಿದವರ ಬಗ್ಗೆ ಕನ್ನಡ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಇಲ್ಲಿ ಫುಟ್‌ಬಾಲ್ ಎಂದರೆ ಯಾವ ಆಟ?

ನಾವು ಕಾಲ್ಚೆಂಡು ಎನ್ನುವ ಆಟ ಇದಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಮೈಮೇಲೆ ಬಿದ್ದು ತಡೆಯುವ, ಒಂದು ಕಡೆಗೆ ಹನ್ನೊಂದು ಮಂದಿ ಆಡುವ ಅಮೆರಿಕನ್ ಫುಟ್‌ಬಾಲ್ ಇದು. ವೃತ್ತಿಪರ ಲೀಗ್ ಭಾನುವಾರದ್ದಾದರೆ ಕಾಲೇಜು ಆಟ ಶನಿವಾರದ್ದು. ಮಿಷಿಗನ್ ವಿಶ್ವವಿದ್ಯಾಲಯದ ಮೈದಾನದಂಥ ಕೆಲವು ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ. ಎಂ.ಎಸ್. ಓದಲು ಹೋಗಿ ಇಂಥ ಊರುಗಳಲ್ಲಿ ಇಳಿದ ನಮ್ಮವರಿಗೆ ಮೊದಲ ಶನಿವಾರ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಜಾತ್ರೆಗೆ ಹೊರಟಂತೆ ಕಾಣುವುದು ಸಹಜ. ಆಟಗಾರರು ನಾಲ್ಕೈದು ವರ್ಷಗಳಲ್ಲಿ ಓದು ಮುಗಿಸಿ ಹೊರಟುಹೋಗುತ್ತಾರೆ, ತರಬೇತುದಾರ ಮಾತ್ರ ಉಳಿಯುತ್ತಾನೆ. ಒಂದು ತಂಡದ ಹೆಸರಿನ ಜೊತೆ ಅದರ ತರಬೇತುದಾರನ ಹೆಸರೂ ನೆನಪಿಗೆ ಬರುವುದಕ್ಕೆ ಇದೇ ಕಾರಣ.

ಹಾಲ್ ಆಫ್ ಫೇಮ್ ಯಾರದು, ಎಲ್ಲಿದೆ?

ನ್ಯಾಷನಲ್ ಫುಟ್‌ಬಾಲ್ ಫೌಂಡೇಷನ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಸಂಸ್ಥೆ ಹುಟ್ಟಿದ್ದು 1947ರಲ್ಲಿ, ಮೊದಲ ಪುರಸ್ಕೃತರನ್ನು ಆರಿಸಿದ್ದು 1951ರಲ್ಲಿ. ನೋಟರ್‌ಡೇಮ್‌ನ ನೂಟ್ ರಾಕ್ನಿ ಆ ಮೊದಲ ಸಾಲಿನಲ್ಲೇ ಇದ್ದರು. ಅಮೋಸ್ ಅಲೊಂಜೊ ಸ್ಟ್ಯಾಗ್ ಅವರಿಗೆ ಅದೇ ವರ್ಷ ಆಟಗಾರ ಮತ್ತು ತರಬೇತುದಾರ ಎಂಬ ಎರಡೂ ನೆಲೆಗಳಲ್ಲಿ ಗೌರವ ಸಂದಿತು. ವಸ್ತುಸಂಗ್ರಹಾಲಯ ಮಾತ್ರ ಬಹಳ ಕಾಲ ಒಂದೆಡೆ ನೆಲೆ ನಿಲ್ಲಲಿಲ್ಲ. ಮೊದಲು ಒಹಾಯೊ ರಾಜ್ಯದ ಕಿಂಗ್ಸ್ ಮಿಲ್ಸ್, ಆಮೇಲೆ ಇಂಡಿಯಾನಾದ ಸೌತ್ ಬೆಂಡ್, 2014ರಿಂದ ಅಟ್ಲಾಂಟಾ. ಒಹಾಯೊದ ಕ್ಯಾಂಟನ್‌ನಲ್ಲಿರುವ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಬೇರೆಯೇ ಸಂಸ್ಥೆ. ಇವೆರಡನ್ನೂ ಒಂದೇ ಎಂದು ತಿಳಿದು ವಾದಕ್ಕಿಳಿಯುವವರು ಕಡಿಮೆಯಿಲ್ಲ.

ತರಬೇತುದಾರನ ಅರ್ಹತೆಗೆ ನಿಯಮಗಳೇನು?

ಅವನು ಕನಿಷ್ಠ 10 ವರ್ಷ ಮುಖ್ಯ ತರಬೇತುದಾರನಾಗಿರಬೇಕು, ಕನಿಷ್ಠ 100 ಪಂದ್ಯಗಳಲ್ಲಿ ತಂಡವನ್ನು ನಡೆಸಿರಬೇಕು, ಅವುಗಳಲ್ಲಿ ಗೆಲುವಿನ ಪ್ರಮಾಣ ಕನಿಷ್ಠ ಶೇ 60 (2027ರ ಆಯ್ಕೆಯಿಂದ ಶೇ 59.5) ಇರಬೇಕು. ಡ್ರಾ ಆದ ಪಂದ್ಯವನ್ನು ಅರ್ಧ ಗೆಲುವು ಎಂದು ಎಣಿಸಲಾಗುತ್ತದೆ. 1996ರವರೆಗೆ ಈ ಆಟದಲ್ಲಿ ಡ್ರಾ ಇತ್ತು, ಆದ್ದರಿಂದ ಹಳಬರ ದಾಖಲೆಯಲ್ಲಿ ಮೂರು ಅಂಕಿಗಳು ಇರುತ್ತವೆ: ಗೆಲುವು, ಸೋಲು, ಡ್ರಾ. ನಿವೃತ್ತಿಯಾಗಿ ಮೂರು ವರ್ಷ ಕಳೆದಿರಬೇಕು. ನಿವೃತ್ತಿಯ ವೇಳೆಗೆ 70 ತುಂಬಿದ್ದರೆ ಕಾಯಬೇಕಿಲ್ಲ, 75 ದಾಟಿದವರು ಕೆಲಸದಲ್ಲಿದ್ದಾಗಲೇ ಅರ್ಹರು. ಕಾನ್ಸಸ್ ಸ್ಟೇಟ್‌ನ ಬಿಲ್ ಸ್ನೈಡರ್ 2015ರಲ್ಲಿ ಮೈದಾನದ ಅಂಚಿನಲ್ಲಿ ನಿಂತಿದ್ದಾಗಲೇ ಹಾಲ್ ಸೇರಿದ್ದು ಹೀಗೆ.

ಇವೆಲ್ಲದರ ಜೊತೆಗೆ ಇನ್ನೊಂದು ಮಾತಿದೆ. ಆಟದ ಸಾಧನೆಯೇ ಪ್ರಧಾನವಾದರೂ ಅಭ್ಯರ್ಥಿ ನಾಗರಿಕನಾಗಿ ಹೇಗೆ ಬಾಳಿದ ಎಂಬುದನ್ನೂ ತೂಗಿ ನೋಡಲಾಗುವುದು ಎಂದು ನಿಯಮ ಹೇಳುತ್ತದೆ. ಶೇ 60 ಎಂಬುದು ಅಳತೆಗೆ ಸಿಗುವ ಅಂಕಿ, ಈ ಮಾತನ್ನು ಮಾತ್ರ ತೀರ್ಪುಗಾರರು ತಮಗೆ ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು.

ಆಯ್ಕೆ ಹೇಗೆ ನಡೆಯುತ್ತದೆ?

ಕಾಲೇಜುಗಳು ಮತ್ತು ಫೌಂಡೇಷನ್‌ನ ಸ್ಥಳೀಯ ಶಾಖೆಗಳು ಹೆಸರು ಸೂಚಿಸುತ್ತವೆ. ಜರಡಿ ಹಿಡಿದು ಉಳಿದ ಹೆಸರುಗಳ ಮತಪತ್ರ ಸಾವಿರಾರು ಸದಸ್ಯರಿಗೂ ಈಗಾಗಲೇ ಹಾಲ್‌ನಲ್ಲಿರುವವರಿಗೂ ಹೋಗುತ್ತದೆ. ಕೊನೆಯ ಮಾತು ಆನರ್ಸ್ ಕೋರ್ಟ್ ಎಂಬ ಸಮಿತಿಯದು. ಡಿಸೆಂಬರ್‌ನಲ್ಲಿ ಔತಣಕೂಟದ ಜೊತೆಗೆ ಪ್ರದಾನ ನಡೆಯುತ್ತದೆ. ಒಂದು ವಿಷಯ ಗಮನಿಸಬೇಕು. ಈ ಮಿತಿ ಮುಟ್ಟದವರ ಹೆಸರು ಮತಪತ್ರಕ್ಕೇ ಬರುವುದಿಲ್ಲ. ಆದ್ದರಿಂದ ಇಂಥವರನ್ನು ಸಮಿತಿ ತಿರಸ್ಕರಿಸಿತು ಎಂದು ದೂರುವುದು ಸರಿಯಲ್ಲ, ಸಮಿತಿಯ ಮುಂದೆ ಆ ಪ್ರಶ್ನೆ ಬಂದೇ ಇರುವುದಿಲ್ಲ.

ಶೇ 60ರ ಮಿತಿ ಎಲ್ಲ ಕಾಲಕ್ಕೂ ಹೀಗೇ ಇತ್ತೇ?

ಒಳಗಿರುವವರ ದಾಖಲೆಗಳನ್ನು ಬಿಡಿಸಿ ನೋಡಿದರೆ ಹಾಗೆನ್ನಲು ಬರುವುದಿಲ್ಲ. ರೈಸ್ ವಿಶ್ವವಿದ್ಯಾಲಯದ ಜೆಸ್ ನೀಲಿ 1971ರಲ್ಲಿ ಹಾಲ್ ಸೇರಿದರು. ಅವರ ದಾಖಲೆ 207 ಗೆಲುವು, 176 ಸೋಲು, 19 ಡ್ರಾ, ಅಂದರೆ ಶೇ 54ಕ್ಕೂ ಕಡಿಮೆ. 1999ರಲ್ಲಿ ಸೇರಿದ ಜೆರ್ರಿ ಕ್ಲೇಬೋರ್ನ್, 2001ರಲ್ಲಿ ಸೇರಿದ ಹ್ಯೂಸ್ಟನ್‌ನ ಬಿಲ್ ಯೋಮನ್, 2004ರಲ್ಲಿ ಸೇರಿದ ವರ್ಜೀನಿಯಾದ ಜಾರ್ಜ್ ವೆಲ್ಶ್ ಮೂವರೂ ಶೇ 59ರ ಆಸುಪಾಸಿನವರು.

ಇವರೆಲ್ಲರಿಗಿಂತ ಗಮನ ಸೆಳೆಯುವವರು 2003ರಲ್ಲಿ ಸೇರಿದ ಹೇಡನ್ ಫ್ರೈ. 232 ಗೆಲುವು, 178 ಸೋಲು, 10 ಡ್ರಾ, ಶೇ 56.4. ಆದರೆ ಫ್ರೈ ಹಾಲ್‌ನಲ್ಲಿರಬಾರದಿತ್ತು ಎನ್ನುವ ಒಬ್ಬ ಅಭಿಮಾನಿಯೂ ಅಯೋವಾದಲ್ಲಿ ಸಿಗಲಾರ. 1960ರ ದಶಕದ ನಡುವೆ ಟೆಕ್ಸಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ (ಎಸ್‌ಎಂಯು) ಇದ್ದಾಗ ಜೆರ್ರಿ ಲಿವಾಯಸ್ ಎಂಬ ಹುಡುಗನನ್ನು ಕರೆತಂದು, ಸೌತ್‌ವೆಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ಕೂಟದಲ್ಲಿ ವಿದ್ಯಾರ್ಥಿವೇತನ ಪಡೆದು ಆಡಿದ ಮೊದಲ ಕಪ್ಪು ಆಟಗಾರನನ್ನಾಗಿ ಮಾಡಿದವರು ಅವರು. 1979ರಲ್ಲಿ ಅಯೋವಾಕ್ಕೆ ಬಂದು, ಸೋಲನ್ನೇ ಹಾಸಿ ಹೊದ್ದಿದ್ದ ತಂಡವನ್ನು ಇಪ್ಪತ್ತು ವರ್ಷ ಕಟ್ಟಿ ನಿಲ್ಲಿಸಿದರು. ಮನಃಶಾಸ್ತ್ರ ಓದಿದ್ದ ಅವರು ಎದುರಾಳಿಗಳು ಬಟ್ಟೆ ಬದಲಾಯಿಸುವ ಕೋಣೆಗೆ ಗುಲಾಬಿ ಬಣ್ಣ ಬಳಿಸಿದ್ದ ಕಥೆ ಇಂದಿಗೂ ಹೇಳಿ ನಗುವಂಥದ್ದು. ಇಂದಿನ ಅಳತೆಗೋಲನ್ನು ಹಿಡಿದರೆ ಈ ಮನುಷ್ಯ ಬಾಗಿಲ ಹೊರಗೆ.

ಅಂದಮೇಲೆ ಶೇ 60 ಎಂಬುದು ಹಾಲ್‌ನ ಬುನಾದಿಯಲ್ಲಿದ್ದ ಕಲ್ಲಲ್ಲ. ಈಚಿನ ವರ್ಷಗಳಲ್ಲಿ ಬಿಗಿಯಾಗಿ ಎಳೆದ ಗೆರೆ. ಇದು ಈ ಪುಟದ ನಿಲುವಿಗೆ ಮುಖ್ಯ ಆಧಾರ, ಆದ್ದರಿಂದ ಇಷ್ಟು ವಿವರವಾಗಿ ಬರೆಯಬೇಕಾಯಿತು.

2025ರಲ್ಲಿ ಆದ ಬದಲಾವಣೆ ಏನು? ಅದಕ್ಕೂ ಮೈಕ್ ಲೀಚ್ ಅವರಿಗೂ ಏನು ಸಂಬಂಧ?

2025ರ ಮೇ ತಿಂಗಳಲ್ಲಿ ಫೌಂಡೇಷನ್ ಮಿತಿಯನ್ನು ಶೇ 60ರಿಂದ ಶೇ 59.5ಕ್ಕೆ ಇಳಿಸುವುದಾಗಿ ಪ್ರಕಟಿಸಿತು. 2027ರ ಆಯ್ಕೆಯಿಂದ ಇದು ಅನ್ವಯ. ಅರ್ಧ ಶೇಕಡಾದಷ್ಟು ಸಣ್ಣ ಇಳಿತ ಏಕೆ ಎಂದು ಕೇಳಿದರೆ, ಮೂರು ವಿಶ್ವವಿದ್ಯಾಲಯಗಳ ತಂಡಗಳನ್ನು ನಡೆಸಿದ ತರಬೇತುದಾರ ಲೀಚ್ ಅವರ ದಾಖಲೆಯನ್ನು ನೋಡಬೇಕು.

ಟೆಕ್ಸಸ್ ಟೆಕ್‌ನಲ್ಲಿ 84 ಗೆಲುವು 43 ಸೋಲು, ವಾಷಿಂಗ್ಟನ್ ಸ್ಟೇಟ್‌ನಲ್ಲಿ 55 ಗೆಲುವು 47 ಸೋಲು, ಮಿಸಿಸಿಪ್ಪಿ ಸ್ಟೇಟ್‌ನಲ್ಲಿ 19 ಗೆಲುವು 17 ಸೋಲು. ಒಟ್ಟು 265 ಪಂದ್ಯಗಳಲ್ಲಿ 158 ಗೆಲುವು, ಶೇ 59.6. 265ಕ್ಕೆ ಶೇ 60 ಎಂದರೆ ಸರಿಯಾಗಿ 159. ಇಪ್ಪತ್ತೊಂದು ಋತುಗಳಲ್ಲಿ ಸೋತ 107 ಪಂದ್ಯಗಳಲ್ಲಿ ಯಾವುದಾದರೂ ಒಂದು, ಯಾವುದೋ ಒಂದು ಶನಿವಾರದ ಒಂದೇ ಒಂದು ಎಸೆತ ಕೈಗೆ ಸಿಕ್ಕಿದ್ದರೂ ಸಾಕಿತ್ತು. ಬ್ರಾಡ್‌ಮನ್ ಅವರ 99.94ರ ಸರಾಸರಿಯನ್ನು ಬಾಯಿಪಾಠ ಮಾಡಿಕೊಂಡು ಬೆಳೆದ ನಮಗೆ ಇಂಥ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸವಿದೆ: ಆ ನಾಲ್ಕು ರನ್ ಸಿಗಲಿಲ್ಲವೆಂದು ಬ್ರಾಡ್‌ಮನ್ ಅವರನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ.

ಲೀಚ್ 2022ರ ಡಿಸೆಂಬರ್ 12ರಂದು, 61ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ನಡೆಸಿದ ಕೊನೆಯ ಪಂದ್ಯ ಅದಕ್ಕೆ ಹದಿನೆಂಟು ದಿನಗಳಷ್ಟೇ ಮೊದಲು, ನೆರೆಯ ಎದುರಾಳಿ ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ವಿರುದ್ಧ 24–22ರ ಗೆಲುವು. ಅವರ ಮರಣದ ನಂತರ ತಂಡ ಬೌಲ್ ಪಂದ್ಯವನ್ನೂ (ಋತುವಿನ ಕೊನೆಗೆ ಆಯ್ದ ತಂಡಗಳ ನಡುವೆ ನಡೆಯುವ ವಿಶೇಷ ಪಂದ್ಯ) ಗೆದ್ದಿತು. ಅದು ಸಹಜವಾಗಿಯೇ ಉತ್ತರಾಧಿಕಾರಿಯ ಖಾತೆಗೆ ಸೇರಿತು. ಒಂದು ವೇಳೆ ಲೀಚ್ ಖಾತೆಗೆ ಸೇರಿಸಿದ್ದರೂ 266ರಲ್ಲಿ 159 ಆಗಿ, ಹಳೆಯ ಮಿತಿಯನ್ನು ಅದು ಮುಟ್ಟುತ್ತಿರಲಿಲ್ಲ.

ಲೀಚ್ ನಿಜಕ್ಕೂ ಅಷ್ಟು ಮುಖ್ಯರೇ?

ಹೌದು, ಮತ್ತು ಅದು ಗೆಲುವಿನ ಎಣಿಕೆಯಿಂದಲ್ಲ. ಕಾಲೇಜಿನಲ್ಲಿ ಫುಟ್‌ಬಾಲ್ ಆಡದೆ, ಕಾನೂನು ಪದವಿ ಪಡೆದು, ವಕೀಲಿಕೆ ಮಾಡದೆ ತರಬೇತಿಗೆ ಇಳಿದ ವಿಚಿತ್ರ ಮನುಷ್ಯ ಅವರು. ಹ್ಯಾಲ್ ಮಮ್ಮಿ ಎಂಬ ಹಿರಿಯರ ಜೊತೆ ಅಯೋವಾ ವೆಸ್ಲಿಯನ್‌ನಂಥ ಪುಟ್ಟ ಕಾಲೇಜಿನಲ್ಲಿ ಕುಳಿತು ‘ಏರ್ ರೇಡ್’ ಎಂಬ ಆಕ್ರಮಣ ಕ್ರಮವನ್ನು ರೂಪಿಸಿದರು. ಚೆಂಡನ್ನು ಹಿಡಿದು ನುಗ್ಗುವುದೇ ಗಂಡಸುತನ ಎಂದು ನಂಬಿದ್ದ ಆಟದಲ್ಲಿ, ಮೈದಾನದ ಅಗಲವನ್ನೆಲ್ಲ ಬಳಸಿ, ಚೆಂಡು ಹಿಡಿಯುವ ನಾಲ್ವರನ್ನು ಹರಡಿ ನಿಲ್ಲಿಸಿ, ಎಸೆದು, ಮತ್ತೆ ಎಸೆದು ಗೆಲ್ಲುವ ಕ್ರಮ ಅದು. ಇತರ ತರಬೇತುದಾರರು ಹೋಟೆಲಿನ ತಿಂಡಿಪಟ್ಟಿಯಷ್ಟು ದೊಡ್ಡ ಪ್ಲಾಸ್ಟಿಕ್ ಹಾಳೆಯಲ್ಲಿ ನೂರಾರು ತಂತ್ರಗಳನ್ನು ಬರೆದುಕೊಂಡು ಬಾಯಿಗೆ ಅಡ್ಡ ಹಿಡಿದು ಮಾತನಾಡುತ್ತಿದ್ದರೆ, ಲೀಚ್ ಕೈಯಲ್ಲಿ ಮಡಿಸಿದ ಒಂದು ಚೂರು ಕಾಗದ ಮಾತ್ರ ಇರುತ್ತಿತ್ತು. ಇರುವುದೇ ಕೆಲವು ತಂತ್ರಗಳು, ಅವುಗಳನ್ನೇ ನಿದ್ದೆಯಲ್ಲೂ ಮಾಡುವಷ್ಟು ಅಭ್ಯಾಸ ಮಾಡಿಸುವುದು ಅವರ ಪದ್ಧತಿ.

2008ರ ನವೆಂಬರ್ 1ರಂದು ಲಬಕ್‌ನಲ್ಲಿ ಟೆಕ್ಸಸ್ ವಿರುದ್ಧದ ಪಂದ್ಯದ ಕೊನೆಯ ಕ್ಷಣ ಈ ಕ್ರಮದ ಚಿತ್ರವನ್ನೇ ಕೊಡುತ್ತದೆ. ಲೀಚ್ ಅವರ ಟೆಕ್ಸಸ್ ಟೆಕ್ ಒಂದು ಅಂಕದ ಹಿನ್ನಡೆಯಲ್ಲಿದೆ. ಒಂದು ಸಣ್ಣ ಒದೆತದಿಂದ ಮೂರು ಅಂಕ ಪಡೆಯುವ ಸುರಕ್ಷಿತ ದಾರಿಗೆ ಸಮಯ ಉಳಿಸಿಕೊಳ್ಳುವುದನ್ನೇ ಎಲ್ಲರೂ ನಿರೀಕ್ಷಿಸಿದ್ದಾರೆ. ಗ್ರಹಾಮ್ ಹ್ಯಾರೆಲ್ ಅಂಚಿಗೆ ಎಸೆಯುತ್ತಾರೆ, ಮೈಕಲ್ ಕ್ರ್ಯಾಬ್‌ಟ್ರೀ ಹಿಡಿದು, ಗೆರೆಯ ಅಂಚಿನಲ್ಲಿ ತಮ್ಮ ಮೇಲೆರಗಿದವರನ್ನು ಕೊಡವಿಕೊಂಡು ಒಳಗೆ ಓಡುತ್ತಾರೆ, ಗಡಿಯಾರದಲ್ಲಿ ಉಳಿದದ್ದು ಒಂದು ಸೆಕೆಂಡು. 39–33. ಲೀಚ್ ಅವರ ಕೈಕೆಳಗೆ ಆಡಿದ ಅಥವಾ ದುಡಿದ ಲಿಂಕನ್ ರೈಲಿ, ಸನ್ನಿ ಡೈಕ್ಸ್, ಕ್ಲಿಫ್ ಕಿಂಗ್ಸ್‌ಬರಿ, ಜಾಶ್ ಹೈಪೆಲ್ ಮುಂತಾದವರು ಮುಂದೆ ತಾವೇ ಮುಖ್ಯ ತರಬೇತುದಾರರಾದರು. ಇಂದು ಯಾವ ಶನಿವಾರ ಯಾವ ಪಂದ್ಯ ನೋಡಿದರೂ ಲೀಚ್ ಅವರ ಕಾಗದದ ಚೂರಿನ ಒಂದೆರಡು ಸಾಲು ಕಣ್ಣಿಗೆ ಬೀಳುತ್ತದೆ. ಟೆಕ್ಸಸ್ ಟೆಕ್ 2009ರ ಕೊನೆಯಲ್ಲಿ ಅವರನ್ನು ಕೆಲಸದಿಂದ ತೆಗೆದದ್ದು ಗಾಯಗೊಂಡ ಆಟಗಾರನೊಬ್ಬನನ್ನು ನಡೆಸಿಕೊಂಡ ರೀತಿಯ ಬಗೆಗಿನ ಆರೋಪದ ನಡುವೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಲೀಚ್ ಆರೋಪವನ್ನು ಅಲ್ಲಗಳೆದು ಕೋರ್ಟ್ ಮೆಟ್ಟಿಲೇರಿದ್ದರು.

ಹೊಸ ಮಿತಿಯಿಂದ ಇನ್ನು ಯಾರಿಗೆ ಅನುಕೂಲ?

ಪಿಟ್ಸ್‌ಬರ್ಗ್, ಟೆಕ್ಸಸ್ ಎ ಆ್ಯಂಡ್ ಎಂ, ಮಿಸಿಸಿಪ್ಪಿ ಸ್ಟೇಟ್ ತಂಡಗಳನ್ನು ನಡೆಸಿದ ಜ್ಯಾಕಿ ಶೆರಿಲ್ 180 ಗೆಲುವು, 120 ಸೋಲು, 4 ಡ್ರಾಗಳೊಂದಿಗೆ ಶೇ 59.9ರಲ್ಲಿ ನಿಂತಿದ್ದರು. ಅವರಿಗೆ ಇದರಿಂದ ಬಾಗಿಲು ತೆರೆಯುತ್ತದೆ.

ಇನ್ನೊಬ್ಬರು ಲೆಸ್ ಮೈಲ್ಸ್. ಅವರದು ಬೇರೆಯೇ ಬಗೆಯ ಪ್ರಕರಣ. ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ (ಎಲ್‌ಎಸ್‌ಯು) 2007ರ ಋತುವಿನ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಅವರ ಮೈದಾನದ ದಾಖಲೆ 145 ಗೆಲುವು, 73 ಸೋಲು, ಶೇ 66ಕ್ಕೂ ಮೇಲೆ. ಆದರೆ ನಿಯಮ ಮೀರಿ ಆಡಿದ ಆಟಗಾರನೊಬ್ಬನ ಕಾರಣದಿಂದ 2023ರಲ್ಲಿ ಎಲ್‌ಎಸ್‌ಯುನ 37 ಗೆಲುವುಗಳನ್ನು ದಾಖಲೆಯಿಂದ ಅಳಿಸಲಾಯಿತು. ಉಳಿದದ್ದು 108 ಗೆಲುವು, 73 ಸೋಲು, ಶೇ 59.7. ಗೆಲುವು ಅಳಿಯುತ್ತದೆ, ಸೋಲು ಉಳಿಯುತ್ತದೆ ಎಂಬ ಈ ವಿಚಿತ್ರ ಗಣಿತದಿಂದ ಅರ್ಹತೆಯೇ ಹೋಯಿತೆಂದು ಮೈಲ್ಸ್ 2024ರಲ್ಲಿ ತಮ್ಮ ಹಳೆಯ ವಿಶ್ವವಿದ್ಯಾಲಯ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಮಂಡಳಿ ಮತ್ತು ಫೌಂಡೇಷನ್ ಮೂರರ ಮೇಲೂ ದಾವೆ ಹೂಡಿದರು.

ಶೇಕಡಾವಾರು ಗೋಡೆ ಬಿದ್ದಮೇಲೆ ನಾಗರಿಕ ನಡತೆಯ ಮಾತು ಮುಂದೆ ಬರುತ್ತದೆ. ಎಲ್‌ಎಸ್‌ಯುನಲ್ಲಿ ವಿದ್ಯಾರ್ಥಿನಿಯರೊಡನೆ ನಡೆದುಕೊಂಡ ರೀತಿಯ ಬಗೆಗಿನ ತನಿಖಾ ವರದಿ ಹೊರಬಿದ್ದ ಮೇಲೆ, 2021ರಲ್ಲಿ ಮೈಲ್ಸ್ ಕಾನ್ಸಸ್ ವಿಶ್ವವಿದ್ಯಾಲಯವನ್ನು ಬಿಡಬೇಕಾಯಿತು. ಆರೋಪಗಳನ್ನು ಅವರು ಒಪ್ಪಿಲ್ಲ. ಸಮಿತಿ ತೂಗಬೇಕಾದದ್ದು ಇದನ್ನು. ದಶಮಾಂಶ ಬಿಂದುವಿನ ಹಿಂದೆ ಅವಿತು ಇಂಥ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದಕ್ಕಿಂತ ಎದುರಿಸಿ ತೀರ್ಮಾನಿಸುವುದೇ ಮೇಲು.

ಹಾಗಾದರೆ ಅತ್ಯಂತ ದೊಡ್ಡ ಅನ್ಯಾಯ ಯಾರಿಗೆ ಆಗಿದೆ?

ಈ ಪುಟದ ಉತ್ತರ ಹೊವಾರ್ಡ್ ಶ್ನೆಲೆನ್‌ಬರ್ಗರ್. ಹೊಸ ಮಿತಿಯೂ ಅವರಿಗೆ ಉಪಯೋಗಕ್ಕೆ ಬಾರದು. 158 ಗೆಲುವು, 151 ಸೋಲು, 3 ಡ್ರಾ, ಶೇ 51.1. ಅಂಕಿ ಮಾತ್ರ ನೋಡಿದವರು ಇವರ ಹೆಸರೇಕೆ ಬಂತು ಎಂದು ಕೇಳಿಯೇ ಕೇಳುತ್ತಾರೆ.

1979ರಲ್ಲಿ ಅವರು ಮಯಾಮಿ ವಿಶ್ವವಿದ್ಯಾಲಯಕ್ಕೆ ಬಂದಾಗ, ಫುಟ್‌ಬಾಲ್ ತಂಡವನ್ನೇ ಮುಚ್ಚಿಬಿಡುವ ಯೋಚನೆ ಆ ಸಂಸ್ಥೆಯ ಹಿರಿಯರಲ್ಲಿ ಓಡಾಡಿಹೋಗಿತ್ತು. ದಟ್ಟ ಮೀಸೆ, ಬಾಯಲ್ಲಿ ಪೈಪು, ಗಡುಸು ದನಿಯ ಈ ಮನುಷ್ಯ ದಕ್ಷಿಣ ಫ್ಲಾರಿಡಾವನ್ನೇ ಒಂದು ಪ್ರತ್ಯೇಕ ರಾಜ್ಯವೆಂದು ಬಗೆದು, ಆ ಗಡಿಯೊಳಗೆ ಹುಟ್ಟಿದ ಪ್ರತಿಭೆ ಹೊರಗೆ ಹೋಗಬಾರದೆಂದು ಹೈಸ್ಕೂಲುಗಳ ಮೈದಾನ ಮೈದಾನ ಅಲೆದರು. ಶ್ರೀಮಂತ ಕಾಲೇಜುಗಳು ಕಣ್ಣೆತ್ತಿ ನೋಡದ ಬಡ ಬಡಾವಣೆಗಳ ಹುಡುಗರ ಮನೆಗಳಿಗೂ ಹೋದರು. ಐದನೇ ವರ್ಷಕ್ಕೆ ತಂಡ ರಾಷ್ಟ್ರೀಯ ಚಾಂಪಿಯನ್.

ಆ ಕೊನೆಯ ಪಂದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1984ರ ಜನವರಿ 2, ಆರೆಂಜ್ ಬೌಲ್. ಎದುರಿಗೆ 12 ಪಂದ್ಯಗಳಲ್ಲಿ 12ನ್ನೂ ಗೆದ್ದು, ಪಂದ್ಯಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಂಕ ಬಾಚುತ್ತಿದ್ದ ನೆಬ್ರಾಸ್ಕ. ಮಯಾಮಿಯ ಕ್ವಾರ್ಟರ್‌ಬ್ಯಾಕ್ (ಆಕ್ರಮಣ ನಡೆಸುವ, ಚೆಂಡು ಎಸೆಯುವ ಆಟಗಾರ) ಬರ್ನಿ ಕೋಸರ್, ಆಡುತ್ತಿರುವ ಮೊದಲ ವರ್ಷದ ಹುಡುಗ. ಆಟ ಮುಗಿಯಲು 48 ಸೆಕೆಂಡು ಇರುವಾಗ ನೆಬ್ರಾಸ್ಕ ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿಗೆರೆ ದಾಟಿಸಿ ಪಡೆಯುವ ಆರು ಅಂಕ) ಗಳಿಸಿ 31–30ಕ್ಕೆ ಬರುತ್ತದೆ. ಚೆಂಡನ್ನು ಒದ್ದು ಒಂದು ಅಂಕ ಪಡೆದರೆ ಡ್ರಾ, ಡ್ರಾ ಆದರೂ ಪ್ರಶಸ್ತಿ ಬಹುತೇಕ ನೆಬ್ರಾಸ್ಕದ ಕೈಗೇ. ಆದರೆ ಅವರ ತರಬೇತುದಾರ ಟಾಮ್ ಆಸ್ಬೋರ್ನ್ ಗೆಲ್ಲಲೆಂದೇ ಎರಡು ಅಂಕಗಳ ಪ್ರಯತ್ನಕ್ಕೆ ಕೈ ಹಾಕುತ್ತಾರೆ. ಟರ್ನರ್ ಗಿಲ್ ಎಸೆದ ಚೆಂಡಿಗೆ ಮಯಾಮಿಯ ಕೆನ್ ಕ್ಯಾಲೂನ್ ಕೈ ತಾಗುತ್ತದೆ, ಚೆಂಡು ಸಿಡಿದು ನೆಲಕ್ಕೆ ಬೀಳುತ್ತದೆ. ಆ ಬೆರಳುಗಳ ಸ್ಪರ್ಶದಿಂದ ಮುಂದಿನ ಎರಡು ದಶಕಗಳ ಕಾಲೇಜು ಫುಟ್‌ಬಾಲ್‌ನ ನಕ್ಷೆಯೇ ಬದಲಾಯಿತು ಎಂದರೆ ಅದು ಉತ್ಪ್ರೇಕ್ಷೆಯಲ್ಲ. 1987, 1989, 1991, 2001ರ ಋತುಗಳಲ್ಲಿ ಮಯಾಮಿ ಮತ್ತೆ ಮತ್ತೆ ಚಾಂಪಿಯನ್ ಆಯಿತು. ಶ್ನೆಲೆನ್‌ಬರ್ಗರ್ ನಂತರ ಅಲ್ಲಿಗೆ ಬಂದ ಜಿಮ್ಮಿ ಜಾನ್ಸನ್ 2012ರಲ್ಲಿ ಹಾಲ್ ಸೇರಿದರು, ಆಮೇಲಿನ ಡೆನ್ನಿಸ್ ಎರಿಕ್ಸನ್ 2019ರಲ್ಲಿ ಸೇರಿದರು. ಇಬ್ಬರೂ ಅರ್ಹರೇ. ಆದರೂ ಕಾಡು ಕಡಿದು ಬಿತ್ತಿದವನನ್ನು ಹೊಲದ ಬದುವಿನಲ್ಲಿ ನಿಲ್ಲಿಸಿ, ಕೊಯ್ದವರಿಗೆ ಮಾತ್ರ ಪಂಕ್ತಿಯಲ್ಲಿ ಎಲೆ ಹಾಕಿದಂತಾಗಿದೆ.

ಶ್ನೆಲೆನ್‌ಬರ್ಗರ್ ದಾಖಲೆ ಕೆಟ್ಟದ್ದು ಹೇಗೆ?

ಬರಡು ನೆಲವನ್ನೇ ಹುಡುಕಿಕೊಂಡು ಹೋದದ್ದರಿಂದ. ಮಯಾಮಿಯ ಲೆಕ್ಕ 41 ಗೆಲುವು, 16 ಸೋಲು, ಅಂದರೆ ಶೇ 72. ಅಲ್ಲಿಯೇ ಇನ್ನೈದು ವರ್ಷ ಕುಳಿತಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹೊಸ ವೃತ್ತಿಪರ ಲೀಗ್ ಒಂದರ ತಂಡ ಮಯಾಮಿಗೆ ಬರುತ್ತದೆ ಎಂಬ ಮಾತು ನಂಬಿ ಅವರು ಹೊರಟರು, ತಂಡ ಬರಲಿಲ್ಲ. 1985ರಲ್ಲಿ ತಮ್ಮ ಊರಾದ ಲೂಯಿವಿಲ್‌ನ ವಿಶ್ವವಿದ್ಯಾಲಯಕ್ಕೆ ಹೋದರು. ಬ್ಯಾಸ್ಕೆಟ್‌ಬಾಲ್ ಬಿಟ್ಟರೆ ಬೇರೇನೂ ಕೇಳದ ಆ ಊರಿನಲ್ಲಿ, ರಾಷ್ಟ್ರೀಯ ಪ್ರಶಸ್ತಿ ನಮ್ಮ ದಾರಿಯಲ್ಲೇ ಇದೆ, ಎಂದು ಸಿಗುತ್ತದೆ ಎಂಬುದಷ್ಟೇ ಗೊತ್ತಿಲ್ಲ ಎಂಬರ್ಥದ ಮಾತಾಡಿ ನಗೆಗೀಡಾದರು. ಮೊದಲ ಮೂರು ವರ್ಷ ಗೆದ್ದದ್ದು ಎರಡು, ಮೂರು, ಮೂರು ಪಂದ್ಯಗಳು. ಆರನೇ ವರ್ಷ, 1990ರಲ್ಲಿ, 10 ಗೆಲುವು, 1 ಸೋಲು, 1 ಡ್ರಾ. ಅದರ ತುದಿಯಲ್ಲಿ ಫಿಯೆಸ್ಟಾ ಬೌಲ್‌ನಲ್ಲಿ ಅಲಬಾಮಾದಂಥ ತಂಡಕ್ಕೆ 34–7ರ ಏಟು. ಲೂಯಿವಿಲ್‌ನ ಹತ್ತು ವರ್ಷಗಳ ಒಟ್ಟು ಲೆಕ್ಕ ಮಾತ್ರ 54 ಗೆಲುವು, 56 ಸೋಲು, 2 ಡ್ರಾ.

ನಡುವೆ ಓಕ್ಲಹೋಮಾದಲ್ಲಿ ಒಂದು ವರ್ಷ ಇದ್ದರು, ಅದು ಅವರಿಗೂ ಆ ಊರಿಗೂ ಒಗ್ಗಲಿಲ್ಲ. ಆಮೇಲೆ ಅರುವತ್ತು ದಾಟಿದ ವಯಸ್ಸಿನಲ್ಲಿ ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯಕ್ಕೆ ಹೋದಾಗ, ಅಲ್ಲಿ ತಂಡವೇ ಇರಲಿಲ್ಲ, ಮೈದಾನ ಇರಲಿಲ್ಲ, ಚೆಂಡೂ ಇರಲಿಲ್ಲ ಎನ್ನಬೇಕು. ಹಣ ಎತ್ತಿದರು, ಹುಡುಗರನ್ನು ಹುಡುಕಿದರು, 2001ರಲ್ಲಿ ಮೊದಲ ಪಂದ್ಯ ಆಡಿಸಿದರು. 2007 ಮತ್ತು 2008ರಲ್ಲಿ ಆ ಎಳೆಯ ತಂಡ ಬೌಲ್ ಪಂದ್ಯಗಳನ್ನು ಗೆದ್ದಿತು. 2011ರಲ್ಲಿ, ಅವರ ಕೊನೆಯ ಋತುವಿನಲ್ಲಿ, ಬೋಕಾ ರಾಟನ್‌ನ ಕ್ಯಾಂಪಸ್ಸಿನಲ್ಲೇ ಕ್ರೀಡಾಂಗಣ ತೆರೆಯಿತು. ಇಂದು ಆ ಮೈದಾನಕ್ಕೆ ಅವರದೇ ಹೆಸರು. ಇಷ್ಟು ಕೆಲಸಕ್ಕೆ ಹಾಲ್‌ನ ಲೆಕ್ಕದ ಪುಸ್ತಕದಲ್ಲಿ ಇರುವ ನಮೂದು 58 ಗೆಲುವು, 74 ಸೋಲು. ತಂಡವನ್ನು ಶೂನ್ಯದಿಂದ ಹುಟ್ಟಿಸಿದ್ದು ಇಲ್ಲಿ ಅವರಿಗೆ ದಂಡವಾಗಿ ಪರಿಣಮಿಸಿದೆ.

ಒಂದು ಸಣ್ಣ ಅಂಶ: ಕಾಲೇಜಿನ ಮುಖ್ಯ ತರಬೇತುದಾರರಾಗಿ ಅವರು ಆರು ಬೌಲ್ ಪಂದ್ಯ ಆಡಿಸಿ ಆರನ್ನೂ ಗೆದ್ದರು. ಅವರು ತೀರಿಕೊಂಡದ್ದು 2021ರ ಮಾರ್ಚ್‌ನಲ್ಲಿ.

ಇವರಂತೆಯೇ ತಂಡ ಕಟ್ಟಿ ಹೊರಗುಳಿದವರು ಬೇರೆ ಇದ್ದಾರೆಯೇ?

ಜಾನಿ ಮೇಜರ್ಸ್ ಅರ್ಧ ಉದಾಹರಣೆ. ಟೆನೆಸಿಯ ಆಟಗಾರನಾಗಿ ಅವರು 1987ರಿಂದಲೇ ಹಾಲ್‌ನಲ್ಲಿದ್ದಾರೆ. ಆದರೆ ಹಿಂದಿನ ವರ್ಷ ಒಂದೇ ಪಂದ್ಯ ಗೆದ್ದಿದ್ದ ಪಿಟ್ಸ್‌ಬರ್ಗ್ ತಂಡವನ್ನು 1973ರಲ್ಲಿ ಕೈಗೆತ್ತಿಕೊಂಡು 1976ರಲ್ಲಿ 12ಕ್ಕೆ 12 ಗೆಲ್ಲಿಸಿ ಚಾಂಪಿಯನ್ ಮಾಡಿದ ತರಬೇತುದಾರ ಮೇಜರ್ಸ್‌ಗೆ ಶೇ 57 ಅಡ್ಡ ಬರುತ್ತದೆ. ಇದಕ್ಕೆ ಎದುರಾಗಿ, ದೇಶದಲ್ಲೇ ಅತ್ಯಂತ ಸೋತ ತಂಡವೆಂದು ಹೆಸರಾಗಿದ್ದ ಕಾನ್ಸಸ್ ಸ್ಟೇಟ್ ಅನ್ನು ಕಟ್ಟಿದ ಬಿಲ್ ಸ್ನೈಡರ್ 215 ಗೆಲುವುಗಳೊಂದಿಗೆ ಗೆರೆಯನ್ನು ಆರಾಮವಾಗಿ ದಾಟಿದರು. ಸ್ನೈಡರ್ ಮಾಡಿದ್ದು ಪವಾಡವೇ ಸರಿ. ಆದರೆ ಕಟ್ಟಿದ ಮನೆಯಲ್ಲೇ ಅವರು ಉಳಿದರು, ಮನೆ ಕಟ್ಟಿ ಮುಗಿದೊಡನೆ ಇನ್ನೊಂದು ಖಾಲಿ ನಿವೇಶನ ಹುಡುಕುವ ಚಟ ಅವರಿಗಿರಲಿಲ್ಲ.

ಗೆಲುವಿನ ಪ್ರಮಾಣ ಚೆನ್ನಾಗಿದ್ದೂ ಹೊರಗಿರುವವರು ಇದ್ದಾರೆಯೇ?

ಪೀಟ್ ಕ್ಯಾರಲ್. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ (ಯುಎಸ್‌ಸಿ) 97 ಗೆಲುವು, 19 ಸೋಲು. ಅಳಿಸಿದ ಗೆಲುವುಗಳನ್ನು ಕಳೆದರೂ ಶೇ 80ರ ಮೇಲೆ. ಆದರೆ ಕಾಲೇಜಿನಲ್ಲಿ ಅವರಿದ್ದದ್ದು 2001ರಿಂದ 2009ರವರೆಗೆ ಒಂಬತ್ತೇ ಋತು, ಹತ್ತಕ್ಕೆ ಒಂದು ಕಡಿಮೆ. ಜಿಮ್ಮಿ ಜಾನ್ಸನ್ ಎರಡು ಕಾಲೇಜು ಸೇರಿ ಸರಿಯಾಗಿ ಹತ್ತು ವರ್ಷ ಮುಗಿಸಿ ವೃತ್ತಿಪರ ಲೀಗ್‌ಗೆ ಹೋದವರು.

ಸಣ್ಣ ಕಾಲೇಜುಗಳ ತರಬೇತುದಾರರಿಗೆ ಜಾಗವಿದೆಯೇ?

ಇದೆ, ಮತ್ತು ಹಾಲ್‌ನ ಅತ್ಯಂತ ಸ್ವಾರಸ್ಯಕರ ಮೂಲೆ ಅದೇ. 1996ರಿಂದ ಕೆಳಗಿನ ವಿಭಾಗಗಳವರನ್ನೂ ಪ್ರತ್ಯೇಕವಾಗಿ ಆರಿಸಲಾಗುತ್ತಿದೆ. ಮಿನೆಸೋಟಾದ ಸೇಂಟ್ ಜಾನ್ಸ್ ಎಂಬ ಪುಟ್ಟ ಕಾಲೇಜಿನ ಜಾನ್ ಗಲ್ಯಾರ್ಡಿ 489 ಪಂದ್ಯ ಗೆದ್ದರು. ಕಾಲೇಜು ಫುಟ್‌ಬಾಲ್‌ನಲ್ಲಿ ಇಷ್ಟು ಗೆಲುವು ಬೇರಾರಿಗೂ ಇಲ್ಲ. ಅವರ ಅಭ್ಯಾಸದಲ್ಲಿ ಸೀಟಿ ಊದುವಂತಿಲ್ಲ, ಒಬ್ಬರನ್ನೊಬ್ಬರು ಕೆಡವುವಂತಿಲ್ಲ, ತಮ್ಮನ್ನು ಕೋಚ್ ಎಂದು ಕರೆಯುವಂತೆಯೂ ಇಲ್ಲ, ಜಾನ್ ಎಂದರೆ ಸಾಕು. ಗ್ರ್ಯಾಂಬ್ಲಿಂಗ್‌ನ ಎಡ್ಡಿ ರಾಬಿನ್ಸನ್ 1941ರಿಂದ 1997ರವರೆಗೆ ಒಂದೇ ಕಾಲೇಜಿನಲ್ಲಿದ್ದು 408 ಪಂದ್ಯ ಗೆದ್ದವರು. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಕಪ್ಪು ಹುಡುಗರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ಗ್ರ್ಯಾಂಬ್ಲಿಂಗ್‌ನಿಂದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ವೃತ್ತಿಪರ ಆಟಕ್ಕೆ ಕಳಿಸಿಕೊಟ್ಟರು. ಅಂಥ ತರಬೇತುದಾರರಿಗೆ ದೊಡ್ಡ ತಂಡಗಳ ಚುಕ್ಕಾಣಿ ಹಿಡಿಯುವ ಅವಕಾಶವೇ ಇರಲಿಲ್ಲ. 1979ರಲ್ಲಿ ವಿಚಿಟಾ ಸ್ಟೇಟ್ ಸೇರಿದ ವಿಲ್ಲಿ ಜೆಫ್ರೀಸ್ ಉನ್ನತ ವಿಭಾಗದ ಮೊದಲ ಕಪ್ಪು ಮುಖ್ಯ ತರಬೇತುದಾರ, ಅವರು 2010ರಲ್ಲಿ ಹಾಲ್ ಸೇರಿದರು.

ಒಮ್ಮೆ ಸೇರಿಸಿದವರನ್ನು ತೆಗೆಯುತ್ತಾರೆಯೇ?

ಪೆನ್ ಸ್ಟೇಟ್‌ನ ಜೋ ಪಟರ್ನೊ 2007ರಲ್ಲಿ ಗೌರವ ಪಡೆದರು. ಅವರ ಮಾಜಿ ಸಹಾಯಕನೊಬ್ಬ ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಪ್ರಕರಣ 2011ರಲ್ಲಿ ಬಯಲಾದಾಗ ಪಟರ್ನೊ ಕೆಲಸ ಕಳೆದುಕೊಂಡರು. 2012ರಲ್ಲಿ ಅವರ 111 ಗೆಲುವುಗಳನ್ನು ಅಳಿಸಲಾಯಿತು, 2015ರಲ್ಲಿ ಮರಳಿಸಲಾಯಿತು. ಹಾಲ್‌ನ ಪಟ್ಟಿಯಲ್ಲಿ ಅವರ ಹೆಸರು ಹಾಗೆಯೇ ಉಳಿದಿದೆ. 2010ರ ಋತುವಿನ ಗೆಲುವುಗಳು ಅಳಿಸಿಹೋದ ಒಹಾಯೊ ಸ್ಟೇಟ್‌ನ ಜಿಮ್ ಟ್ರೆಸೆಲ್ 2015ರಲ್ಲಿ ಸೇರಿದ್ದನ್ನೂ ನೆನೆಯಬಹುದು. ಅವರ ಬಳಿ ಅಳಿಸಿದ ಮೇಲೂ ಸಾಲುವಷ್ಟು ಗೆಲುವು ಇತ್ತು, ಮೈಲ್ಸ್ ಬಳಿ ಇರಲಿಲ್ಲ, ವ್ಯತ್ಯಾಸ ಅಷ್ಟೇ.

ಮಿತಿಯನ್ನು ತೆಗೆದರೆ ಎಲ್ಲರೂ ನುಗ್ಗುವುದಿಲ್ಲವೇ?

ಇದು ತೂಕದ ಆಕ್ಷೇಪ. ಅಂಕಿಯೊಂದು ಇಲ್ಲದಿದ್ದರೆ ಜನಪ್ರಿಯತೆ, ಗೆಳೆತನ, ಟಿವಿಯಲ್ಲಿ ಕಾಣಿಸಿಕೊಳ್ಳುವ ಮುಖ ಇವೇ ಮಾನದಂಡಗಳಾಗುವ ಅಪಾಯ ಖಂಡಿತ ಇದೆ. ಆದರೆ ಫ್ರೈ, ನೀಲಿ, ಯೋಮನ್ ಒಳಗೆ ಬಂದ ಕಾಲದಲ್ಲಿ ಹಾಲ್ ಸಂತೆಯಾಗಲಿಲ್ಲ. ಗೆರೆ ಇರಲಿ, ಗೆರೆಯಾಚೆಗಿನ ಒಬ್ಬಿಬ್ಬರನ್ನು ವಿಶೇಷ ಕಾರಣ ಬರೆದು ಮತಪತ್ರಕ್ಕೆ ತರುವ ಅಧಿಕಾರವೂ ಆನರ್ಸ್ ಕೋರ್ಟ್‌ಗೆ ಇರಲಿ ಎಂಬುದು ಈ ಪುಟದ ಸಲಹೆ. 2025ರ ತಿದ್ದುಪಡಿಯ ದೋಷ ಇರುವುದು ಇಲ್ಲಿ. ಒಬ್ಬ ಮಹನೀಯನ ಎತ್ತರಕ್ಕೆ ಸರಿಯಾಗಿ ಬಾಗಿಲನ್ನು ಎತ್ತರಿಸಿದರು, ಬಾಗಿಲಿನ ಅಳತೆಯೇ ಸರಿಯಿದೆಯೇ ಎಂದು ಕೇಳಲಿಲ್ಲ. ಲೀಚ್ ಇನ್ನೂ ನಾಲ್ಕು ಪಂದ್ಯ ಸೋತಿದ್ದರೂ ಅವರ ಏರ್ ರೇಡ್ ಇಷ್ಟೇ ಹರಡಿರುತ್ತಿತ್ತು, ಆದರೆ 59.5ರ ಗೆರೆ ಅವರನ್ನು ಹೊರಗೇ ಇಡುತ್ತಿತ್ತು.

ಒಬ್ಬ ಅಭಿಮಾನಿ ಹೆಸರು ಸೂಚಿಸಬಹುದೇ?

ನೇರವಾಗಿ ಆಗದು. ಆ ತರಬೇತುದಾರ ದುಡಿದ ಕಾಲೇಜಿನ ಕ್ರೀಡಾ ನಿರ್ದೇಶಕರು, ಕ್ರೀಡಾ ಮಾಹಿತಿ ಅಧಿಕಾರಿ, ಈಗಿನ ಮುಖ್ಯ ತರಬೇತುದಾರ ಅಥವಾ ಫೌಂಡೇಷನ್‌ನ ಶಾಖೆಯ ಮುಖ್ಯಸ್ಥರು ಸೂಚಿಸಬೇಕು. ಚಂದಾ ಕಟ್ಟಿ ಸದಸ್ಯರಾದವರಿಗೆ ಮತಪತ್ರ ಬರುತ್ತದೆ. ಅಮೆರಿಕದಲ್ಲಿ ನೆಲೆಸಿರುವ, ತಾವು ಓದಿದ ವಿಶ್ವವಿದ್ಯಾಲಯದ ತಂಡವನ್ನು ಇಂದಿಗೂ ಬಿಡದ ಕನ್ನಡಿಗರಿಗೆ ಇದು ಸಾಧ್ಯವಿರುವ ದಾರಿ. ಮರಣಿಸಿದವರ ಹೆಸರನ್ನೂ ಸೂಚಿಸಬಹುದು. ಶ್ನೆಲೆನ್‌ಬರ್ಗರ್ ಅವರ ಹೆಸರನ್ನು ಮಾತ್ರ, ನಿಯಮ ಮತ್ತೊಮ್ಮೆ ಬದಲಾಗುವವರೆಗೆ, ಯಾರು ಸೂಚಿಸಿದರೂ ಅದು ಮತಪತ್ರದವರೆಗೆ ತಲುಪುವುದಿಲ್ಲ.